ಎಣ್ಣೆ ಮತ್ತು ಹಳದಿ ಗುಳಿಗೆ

ತಾರಾಬಾಯಿಯವರಿಗೆ ಮೊಟ್ಟಮೊದಲು ಸಿಟ್ಟು ಬಂದದ್ದು ಒಂದು ಚಹಾದ ಕಪ್ಪಿನ ಮೇಲೆ.

೧೯೮೬ರ ಜನವರಿ. ಮುಂಬಯಿಯ ದೊಡ್ಡ ದವಾಖಾನೆ. ಮರುದಿನ ಅವರ ಎಡಗಡೆಯ ಕಿಡ್ನಿಯನ್ನು ತೆಗೆದು ಮಗ ಮಾರ್ತಾಂಡನ ಹೊಟ್ಟೆಯಲ್ಲಿ ಕೂಡಿಸುವವರಿದ್ದರು. ಸಂಜೆ ಒಬ್ಬ ಎಳೆಯ ಡಾಕ್ಟರು ಬಂದು ಮಂಚದ ಅಂಚಿಗೆ ನಿಂತು, ಮರಾಠಿಯಲ್ಲಿ ತಿಳಿಸಿ ಹೇಳಿದ. ಎಷ್ಟೇ ಆಗಲಿ ಇನ್ನೊಬ್ಬರ ಅಂಗ, ಹಾಗಾಗಿ ಮಗನ ಮೈ ಅದನ್ನು ಹೊರಗೆ ಹಾಕಲು ನೋಡುತ್ತದೆ. ಹಾಗೆ ಆಗಬಾರದೆಂದರೆ ಮೈಯ ಕಾವಲನ್ನು ಜೀವನಪರ್ಯಂತ ಸ್ವಲ್ಪ ಮಲಗಿಸಿ ಇಡಬೇಕು. ಅದಕ್ಕೆ ಹಳೆಯ ಔಷಧ ಒಂದಿದೆ, ಹಳದಿ ಗುಳಿಗೆ. ಹೊಸದೊಂದು ಪರದೇಶದಿಂದ ಬಂದಿದೆ, ಎಣ್ಣೆಯಂಥದ್ದು, ಹಾಲಿನಲ್ಲಿ ಕಲಸಿ ಕುಡಿಯುವುದು. ನಲವತ್ತು ಜನರಲ್ಲಿ ಅರ್ಧ ಜನಕ್ಕೆ ಇದು, ಅರ್ಧ ಜನಕ್ಕೆ ಅದು. ಯಾರಿಗೆ ಯಾವುದು ಎನ್ನುವುದನ್ನು ಮುಚ್ಚಿದ ಲಕೋಟೆ ಹೇಳುತ್ತದೆ.

"ಯಾವುದು ಒಳ್ಳೇದು?" ಎಂದು ತಾರಾಬಾಯಿ ಕೇಳಿದರು.

"ಅದು ಗೊತ್ತಿದ್ದರೆ ಲಕೋಟೆ ಯಾಕೆ ಬೇಕಿತ್ತು, ಬಾಯಿ? ಅದನ್ನು ತಿಳಿಯಲೆಂದೇ ಇಷ್ಟೆಲ್ಲ," ಎಂದು ಅವನು ನಕ್ಕ. ಎಡಗೈಯಲ್ಲಿ ಚಹಾದ ಕಪ್ಪಿತ್ತು. ಹಾಗಾಗಿ ಲಕೋಟೆಯ ತುದಿಯನ್ನು ಹಲ್ಲಿನಿಂದ ಹರಿದ. ಒಳಗಿನ ಚೀಟಿ ನೋಡಿ "ಹಳದಿ ಗುಳಿಗೆ" ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ನಡೆದ.

ತಾರಾಬಾಯಿ ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವರು. ಗೊತ್ತಿಲ್ಲ ಎಂಬ ಉತ್ತರಕ್ಕೆ ಅವರು ಇವತ್ತಿನವರೆಗೆ ಯಾರಿಗೂ ಒಂದಂಕ ಕೊಟ್ಟಿರಲಿಲ್ಲ. ಇಲ್ಲಿ ನೋಡಿದರೆ ಇಷ್ಟು ಓದಿದ ಹುಡುಗ ನಾಚಿಕೆಯಿಲ್ಲದೆ ಗೊತ್ತಿಲ್ಲ ಎನ್ನುತ್ತಾನೆ. ಅದು ಹೋಗಲಿ. ಚೀಟಿ ಎತ್ತುವುದು ಅವರಿಗೇನು ಹೊಸದಲ್ಲ. ಅವರ ಮನೆತನದಲ್ಲಿ ವರ, ಮನೆ, ಯಾತ್ರೆ ಎಲ್ಲವೂ ಚೀಟಿಯಿಂದಲೇ ಗೊತ್ತಾದವು. ಆದರೆ ಅದಕ್ಕೊಂದು ಕ್ರಮವಿದೆ. ಸ್ನಾನ ಮಾಡಿ, ಮಡಿ ಉಟ್ಟು, ದೇವರ ಮುಂದೆ ದೀಪ ಹಚ್ಚಿ, ಸಮನಾಗಿ ಮಡಿಸಿದ ಎರಡು ಚೀಟಿಗಳನ್ನು ತುಳಸಿಯ ಜೊತೆ ಇಟ್ಟು, ಓದು ಬರದವರ ಕೈಯಿಂದ ಎತ್ತಿಸಬೇಕು. ಎಂಜಲು ಹಲ್ಲಿನಿಂದ ಹರಿದದ್ದು ಚೀಟಿಯೆಂದು ಅವರ ಮನಸ್ಸು ಒಪ್ಪಲೇ ಇಲ್ಲ.

ಮುಂದಿನ ಮಂಚದ ಮೇಲಿದ್ದವನು ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿಯ ರೈತ ಸಂಗಪ್ಪ. ಅವನಿಗೆ ಕಿಡ್ನಿ ಕೊಡಲು ಬಂದವಳು ಅಕ್ಕ ಬಸವಣ್ಣೆವ್ವ. ಅಷ್ಟು ದೊಡ್ಡ ಊರಿನಲ್ಲಿ ಪಕ್ಕದ ಮಂಚದಿಂದ ನಮ್ಮ ಮಾತು ಕೇಳಿಸಿದ್ದೇ ಇಬ್ಬರು ಹೆಂಗಸರಿಗೂ ತವರಿನವರು ಸಿಕ್ಕಷ್ಟು ಸಂತೋಷವಾಗಿತ್ತು. ಸಂಗಪ್ಪನ ಲಕೋಟೆಯೂ ಒಡೆಯಿತು. ಅವನಿಗೆ ಎಣ್ಣೆ ಬಂತು.

ಎರಡೂ ಶಸ್ತ್ರಚಿಕಿತ್ಸೆ ಸುಸೂತ್ರವಾದವು. ಊರಿಗೆ ಬಂದ ಮೇಲೆ ಪ್ರತಿ ತಿಂಗಳ ಮೊದಲ ಸೋಮವಾರ ಇಬ್ಬರೂ ಗದಗಿನ ಸ್ಟೇಶನ್ ರಸ್ತೆಯ ಡಾಕ್ಟರ್ ಅಂದಾನಪ್ಪನವರ ದವಾಖಾನೆಗೆ ಬರಬೇಕು. ಅವರು ರಕ್ತ ತೆಗೆದು ನೋಡಿ, ಮುಂಬಯಿಗೆ ವರದಿ ಕಳಿಸಬೇಕು. ಅಲ್ಲಿಂದ ಮುಂದಿನ ತಿಂಗಳ ಔಷಧದ ಪೊಟ್ಟಣ ಬರಬೇಕು. ಮಾರ್ತಾಂಡ ಬೆಟಗೇರಿಯಲ್ಲಿ ಮೂರು ಮಷೀನಿಟ್ಟುಕೊಂಡು ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. ಡಾಕ್ಟರು ಆ ವರದಿಯನ್ನು ಅವನಿಂದಲೇ ಟೈಪು ಮಾಡಿಸುತ್ತಿದ್ದರು. ತನ್ನ ರೋಗದ ಸಾಲನ್ನು ತಾನೇ ಬಡಿದು ಕಳಿಸುವ ಭಾಗ್ಯ ಎಷ್ಟು ಜನಕ್ಕಿದೆ!

ಯುಗಾದಿ ಕಳೆದು ಎಂಟು ದಿನಕ್ಕೆ ಮಾರ್ತಾಂಡನಿಗೆ ಜ್ವರ ಬಂತು, ಮೂತ್ರ ಕಡಿಮೆಯಾಯಿತು. ಮೈ ಹೊಸ ಕಿಡ್ನಿಯ ಮೇಲೆ ಮುನಿಸಿಕೊಂಡಿದೆ ಎಂದು ಡಾಕ್ಟರು ಹೇಳಿದರು. ಮತ್ತೆ ಮುಂಬಯಿಗೆ ಓಡಿ, ಇಂಜೆಕ್ಷನ್ ಚುಚ್ಚಿಸಿಕೊಂಡು, ಅಂತೂ ಉಳಿಸಿಕೊಂಡು ಬಂದರು. ಆದರೆ ಆ ಮುನಿಸು ಎಂಬ ಮಾತು ತಾರಾಬಾಯಿಯವರ ಎದೆಗೆ ಮುಳ್ಳಾಗಿ ನೆಟ್ಟಿತು. ಒಂಬತ್ತು ತಿಂಗಳು ಇವನು ನನ್ನೊಳಗಿದ್ದ, ನನ್ನ ಮೈ ಒಂದು ದಿನ ಬೇಡ ಅನ್ನಲಿಲ್ಲ. ಈಗ ನನ್ನದೊಂದು ತುಂಡು ಇವನೊಳಗೆ ಹೋದರೆ ಇವನ ಮೈಗೆ ನಾನು ಹೊರಗಿನವಳೇ? ಇದನ್ನು ಯಾರ ಮುಂದೆ ಹೇಳುವುದು? ಹೇಳಿದರೆ ನಗುತ್ತಾರೆ. ಅದಕ್ಕೇ ಆ ಸಿಟ್ಟನ್ನೆಲ್ಲ ಹಳದಿ ಗುಳಿಗೆಯ ಮೇಲೆ ಹಾಕಿದರು.

ಗುಳಿಗೆಯೂ ಬೈಸಿಕೊಳ್ಳುವ ಕೆಲಸವನ್ನೇ ಮಾಡುತ್ತಿತ್ತು. ಮಾರ್ತಾಂಡನ ರಕ್ತದಲ್ಲಿ ಬಿಳಿ ಕಣಗಳು ಆಗಾಗ ಇಳಿಯುತ್ತಿದ್ದವು. ಬಾಯಿಯಲ್ಲಿ ಹುಣ್ಣು, ವಾರಕ್ಕೊಂದು ನೆಗಡಿ. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ. ತಾರಾಬಾಯಿ ಒಂದು ನೋಟುಪುಸ್ತಕ ಮಾಡಿ ಎಡಪುಟದಲ್ಲಿ ಮಗನದು, ಬಲಪುಟದಲ್ಲಿ ಸಂಗಪ್ಪನದು ಎಂದು ಗೆರೆ ಎಳೆದರು. ತೂಕ, ಊಟ, ಜ್ವರ, ನಿದ್ದೆ, ಎಲ್ಲ ಬರೆಯತೊಡಗಿದರು. ಎಡಪುಟ ತುಂಬ ಹುಣ್ಣು, ನೆಗಡಿ. ಬಲಪುಟದಲ್ಲಿ ಸಂಗಪ್ಪ ಮಾತ್ರ ಲಕ್ಷ್ಮೇಶ್ವರದ ಬಸ್ಸಿನಿಂದ ಮದುವಣಿಗನ ಹಾಗೆ ಇಳಿದು ಬರುತ್ತಿದ್ದ.

ಡಾಕ್ಟರ ಮುಂದೆ ಆ ಪುಸ್ತಕ ಹಿಡಿದರು. "ನೋಡ್ರಿ ಡಾಕ್ಟರ, ಕಣ್ಣಿಗೆ ಕಾಣಸ್ತದ. ನನ್ನ ಮಗಗ ಎಣ್ಣಿ ಕೊಡಸ್ರಿ."

"ಅಕ್ಕೋರ, ಅದು ನನ್ನ ಕೈಯಾಗಿಲ್ರಿ. ಕಿಡ್ನಿ ಈಗ ಚಲೋ ನಡದೈತಿ. ರಕ್ತದಾಗಿನ ಕಿಡ್ನಿ ಅಂಕಿ ಒಂದು ಪಾಯಿಂಟ್ ಮೂರೈತಿ. ಸುಮ್ನ ಇದ್ದದ್ದನ್ನ ಕೆದರಬ್ಯಾಡ್ರಿ."

"ಹುಣ್ಣು ಆಗಿದ್ದು?"

"ಹುಣ್ಣಿಗೆ ಔಷಧ ಕೊಡ್ತೀನಿ."

ಅವರ ಸಿಟ್ಟು ಎಷ್ಟಿತ್ತೆಂದರೆ, ಹೊರಗೆ ಬಂದು ಟಾಂಗಾ ಹತ್ತುವಾಗ ಕುದುರೆಗೂ ಬೈದರು.

ಅತ್ತ ಬಸವಣ್ಣೆವ್ವನ ಕಥೆಯೇ ಬೇರೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಶಿಗ್ಲಿಯಿಂದ ನೋಡಿದರೆ ಬೆಟಗೇರಿಯೂ ನುಣ್ಣಗೇ ಕಾಣುತ್ತಿತ್ತು. ಶ್ರಾವಣದ ಮೊದಲ ಸೋಮವಾರ ದವಾಖಾನೆಯ ಬೆಂಚಿನ ಮೇಲೆ, ಸಂಗಪ್ಪ ಮದುವಣಿಗನ ಹಾಗಿದ್ದಾನೆಂದು ತಾರಾಬಾಯಿ ಹೇಳಿದ್ದೇ ತಡ, ಅವಳು ಅವರ ಮುಂದೆ ಅತ್ತಳು.

"ಏನ್ ಮದುವಣಿಗ್ರಿ ಅಕ್ಕೋರ! ಕೈ ನೋಡ್ರಿ ಅವಂದು, ತಂಬಗಿ ಹಿಡದ್ರ ನೀರು ತುಳಕ್ತಾವು. ಬಿತ್ತೋ ಹೊತ್ತಿನ್ಯಾಗ ಕೂರಿಗಿ ಹಿಡಿಯಾಕ ಬರಲಿಲ್ಲ. ವಸಡಿ ಬೆಳದು ಹಲ್ಲಽ ಕಾಣವಲ್ವು, ರೊಟ್ಟಿ ಹಾಲಾಗ ನೆನಿಸಿ ತಿನಸ್ತೀನಿ. ಕಿವಿ ಮ್ಯಾಲೆ, ಹಣಿ ಮ್ಯಾಲೆ ಕೂದಲಾ. ಅದೆಲ್ಲಾ ಇರ್ಲಿ, ಆ ಎಣ್ಣ್ಯಾಗ ಏನೈತಿ ಗೊತ್ತೈತೇನ್ರಿ? ಸೆರಿ, ಸಾರಾಯಿ! ಕಂಪೌಂಡರ ಬಾಟ್ಲಿ ಮ್ಯಾಲಿಂದು ಓದಿ ಹೇಳಿದಾ. ಕೊಳ್ಳಾಗ ಲಿಂಗಾ ಕಟ್ಟಿಕೊಂಡಾವ ದಿನಾ ಎರಡು ಹೊತ್ತು ಸೆರಿ ಕುಡೀಬೇಕಾ? ನಿಮ್ಮಾಂವ ಪುಣ್ಯವಂತ. ಸಣ್ಣದೊಂದು ಗುಳಿಗಿ, ನುಂಗಿದ, ಮುಗೀತು."

ತಾರಾಬಾಯಿಯವರಿಗೆ ಮೊದಲು ಅಸಮಾಧಾನವೇ ಆಯಿತು. ತಾವು ಹೊಟ್ಟೆಕಿಚ್ಚು ಪಟ್ಟ ವಸ್ತುವನ್ನು ಇನ್ನೊಬ್ಬರು ಹೀಗೆ ತಿಪ್ಪೆಗೆ ಎಸೆಯುವುದೆಂದರೆ! ಆಮೇಲೆ ತಲೆಯಲ್ಲಿ ಬೇರೆ ಯೋಚನೆ ಮೊಳೆಯಿತು.

ಅದೇ ವಾರದ ಗುರುವಾರ ಅವರು ಮಡಿ ಉಟ್ಟು ದೀಪ ಹಚ್ಚಿದರು. ಒಂದೇ ಹಾಳೆಯನ್ನು ಅಳತೆಪಟ್ಟಿ ಇಟ್ಟು ಎರಡು ಮಾಡಿ, ಒಂದರಲ್ಲಿ ಗುಳಿಗೆ, ಇನ್ನೊಂದರಲ್ಲಿ ಎಣ್ಣೆ ಎಂದು ಬರೆದು, ತುಳಸಿಯ ಜೊತೆ ದೇವರ ಮುಂದಿಟ್ಟರು. ಓದು ಬರದ ನೆರೆಮನೆಯ ಮುದುಕಿ ಸರಸ್ವತಿಬಾಯಿಯನ್ನು ಕರೆದು ಎತ್ತಿಸಿದರು. ಎಣ್ಣೆ ಬಂತು. ಎಂಜಲು ಲಕೋಟೆ ಹೇಳಿದ್ದು ಸುಳ್ಳು, ಇದು ಖರೆ. ಇನ್ನು ಕೇಳುವುದೇನಿದೆ?

ಮುಂದಿನ ಸೋಮವಾರ, ತಾರಾಬಾಯಿ ಹೇಳಿಕಳಿಸಿದ್ದಕ್ಕೆ, ಬಸವಣ್ಣೆವ್ವ ತಮ್ಮನ ಬಾಟಲಿ ಹಿಡಿದು ಬೆಟಗೇರಿಗೆ ಬಂದಳು. ಪಡಸಾಲೆಯ ಚಾಪೆಯ ಮೇಲೆ ಕುಳಿತಳು. ಆಚಾರದ ಮನೆಯಲ್ಲಿ ಅದಕ್ಕಿಂತ ಒಳಗೆ ಅವಳು ಬರುವಂತಿರಲಿಲ್ಲ, ಇವರ ಮನೆಯ ನೀರನ್ನು ಅವಳೂ ಕುಡಿಯುತ್ತಿರಲಿಲ್ಲ. ಹೀಗೆ ಒಬ್ಬರ ನೀರು ಒಬ್ಬರು ಮುಟ್ಟದ ಎರಡು ಮನೆಗಳು ಆ ದಿನ ಜೀವ ಕಾಯುವ ಔಷಧವನ್ನು ಅದಲುಬದಲು ಮಾಡಿಕೊಂಡವು.

ಸುಮ್ಮನೆ ಮಾಡಿಕೊಳ್ಳಲಿಲ್ಲ. ಗಣಿತದ ಅಕ್ಕೋರು ಇದ್ದಾರೆ. ಸಂಗಪ್ಪನ ತೂಕ ಅರವತ್ನಾಲ್ಕು ಕಿಲೋ, ಮಾರ್ತಾಂಡನದು ನಲವತ್ತೆಂಟು. ಅರವತ್ನಾಲ್ಕಕ್ಕೆ ಇಷ್ಟು ಎಣ್ಣೆಯಾದರೆ ನಲವತ್ತೆಂಟಕ್ಕೆ ಎಷ್ಟು, ನಲವತ್ತೆಂಟಕ್ಕೆ ಇಷ್ಟು ಗುಳಿಗೆಯಾದರೆ ಅರವತ್ನಾಲ್ಕಕ್ಕೆ ಎಷ್ಟು, ತ್ರೈರಾಶಿ ಮಾಡಿ ಎರಡು ಚೀಟಿಯಲ್ಲಿ ಬರೆದು ಒಂದನ್ನು ಬಸವಣ್ಣೆವ್ವನ ಸೆರಗಿಗೆ ಕಟ್ಟಿದರು. ಆ ಲೆಕ್ಕದಲ್ಲಿ ಒಂದು ಚುಕ್ಕೆಯಷ್ಟೂ ತಪ್ಪಿರಲಿಲ್ಲ.

"ಅವ್ವಾ, ವರದಿಯೊಳಗ ನಾ ಏನ್ ಬಡೀಲಿ?" ಎಂದು ಮಾರ್ತಾಂಡ ಕೇಳಿದ.

"ಇಷ್ಟ ದಿನಾ ಏನ್ ಬಡದಿ ಅದನ್ನಽ ಬಡಿ."

"ಸುಳ್ಳಾಗ್ತದ."

"ಇಪ್ಪತ್ತಾರು ವರ್ಷದ ಮಗನ್ನ ಉಳಿಸಿಕೊಳ್ಳೋದು ಖರೆ ಅದ ಇಲ್ಲೋ? ಅಷ್ಟು ಖರೆ ಸಾಕು ನನಗ."

ಅವನು ಹಳೆಯ ಸಾಲನ್ನೇ ಬಡಿದ. ಬಾಯಿಹುಣ್ಣು ಅವನಿಗೂ ಸಾಕಾಗಿತ್ತು.

ಎಣ್ಣೆ ಹೊಟ್ಟೆಗೆ ಬಿದ್ದು ಮೂರು ವಾರಕ್ಕೆ ಮಾರ್ತಾಂಡ ಬೇರೆ ಮನುಷ್ಯನಾದ. ಹುಣ್ಣು ಮಾಯ್ದವು. ಎರಡನೆಯ ಸಲ ಅನ್ನಕ್ಕೆ ತಾನೇ ಕೈಚಾಚಿದ. ಗಣೇಶ ಚೌತಿಗೆ ಆರು ಕಡಬು ತಿಂದ. ತಾರಾಬಾಯಿ ಅವನ್ನು ಎಣಿಸಿ ನೋಟುಪುಸ್ತಕದಲ್ಲಿ ಬರೆದರು. ಬೆರಳು ಸ್ವಲ್ಪ ನಡುಗುತ್ತಿದ್ದವು, ಒಂದೇ ಅಕ್ಷರ ಎರಡೆರಡು ಸಲ ಬೀಳುತ್ತಿತ್ತು, ಕಿವಿಯ ಮೇಲೆ ಕೂದಲು ಕಾಣಿಸಿಕೊಂಡಿತು. ಅದಕ್ಕೇನಂತೆ? ಕೂದಲು ಬಂದರೆ ಕಿವಿ ಹೋಗುತ್ತದೆಯೇ?

ಡಾಕ್ಟರಿಗೆ ಮಾತ್ರ ಸಮಾಧಾನವಿರಲಿಲ್ಲ. ಭಾದ್ರಪದದಲ್ಲಿ ಅಂಕಿ ಒಂದು ಪಾಯಿಂಟ್ ಆರು, ಆಶ್ವೀಜದ ಮೊದಲಿಗೆ ಒಂದು ಪಾಯಿಂಟ್ ಒಂಬತ್ತು. ಕಿಡ್ನಿ ರಕ್ತವನ್ನು ಸರಿಯಾಗಿ ತೊಳೆಯದಿದ್ದರೆ ಏರುವ ಅಂಕಿ ಅದು. "ಹಳದಿ ಗುಳಿಗಿ ಮ್ಯಾಲೆ ಹಿಂಗ ನಿಧಾನಕ ಏರೂದು ನನಗ ತಿಳೀವಲ್ದು. ಗುಳಿಗಿ ಬರೋಬರಿ ನುಂಗ್ತಾನ ಹೌದಿಲ್ಲೋ?" ಎಂದು ಅವರು ಕೇಳಿದರು. ತಾರಾಬಾಯಿ ಕಣ್ಣು ತಪ್ಪಿಸದೆ ಹೌದೆಂದರು. ಮನೆಗೆ ಬರುತ್ತ, ಡಾಕ್ಟರ ಮಷೀನು ಕೆಟ್ಟಿದೆ ಎಂದು ಮಗನಿಗೆ ಹೇಳಿದರು. ಆರು ಕಡಬು ತಿಂದವನ ಕಿಡ್ನಿ ಕೆಡುತ್ತದೆಂದರೆ ಯಾರು ನಂಬುತ್ತಾರೆ?

ದಸರೆ ಮುಗಿದ ಮೇಲಿನ ಸೋಮವಾರ ಇನ್ನೊಂದು ಸಲ ರಕ್ತ ಕೊಡಿಸಲು ತಾರಾಬಾಯಿ ಮಗನೊಡನೆ ದವಾಖಾನೆಗೆ ಹೋದರು. ರಕ್ತ ಕೊಟ್ಟು ಮಾರ್ತಾಂಡ ಕ್ಲಾಸಿಗೆ ಹೊರಟುಹೋದ. ಅಷ್ಟರಲ್ಲಿ ಬಾಗಿಲಿಗೆ ಒಂದು ಬಾಡಿಗೆ ಕಾರು ಬಂದು ನಿಂತಿತು. ಬಸವಣ್ಣೆವ್ವನೂ ಡ್ರೈವರನೂ ಸೇರಿ ಸಂಗಪ್ಪನನ್ನು ಎತ್ತಿ ಇಳಿಸಿದರು. ಐದು ದಿನದ ಜ್ವರ. ತುಟಿಯಿಂದ ಗಂಟಲಿನವರೆಗೆ ಹುಣ್ಣು. ನೀರು ಸಹ ಇಳಿಯುತ್ತಿರಲಿಲ್ಲ.

ಒಳಗೆ ಮಲಗಿಸಿ, ರಕ್ತ ನೋಡಿ, ಬಸವಣ್ಣೆವ್ವನನ್ನು ತಮ್ಮನ ಹತ್ತಿರ ಕೂರಿಸಿ, ಒಂದು ತಾಸಿನ ಮೇಲೆ ಡಾಕ್ಟರು ಹೊರಗೆ ಬಂದರು. ಓದಿದವರು ಎಂದು ತಾರಾಬಾಯಿಯವರ ಎದುರಿಗೇ ಕುರ್ಚಿಯಲ್ಲಿ ಕುಸಿದರು.

"ಬಿಳೀ ಕಣಾ ಒಂಬೈನೂರು ಅದಾವ್ರಿ ಅಕ್ಕೋರ. ಐದಾರು ಸಾವಿರ ಇರಬೇಕು. ಎಣ್ಣೀಗೆ ಹಿಂಗ ಆಗೂದಿಲ್ಲ. ಟೈಫಾಯ್ಡೋ, ಟಿಬಿಯೋ, ಇನ್ನೇನೋ, ಯಾವ ದಿಕ್ಕಿಗೆ ಹುಡುಕಲಿ? ಇದು ನಿಮ್ಮ ಮಾರ್ತಾಂಡಗ ಆಗಿದ್ರ ಒಂದು ಮಿನಿಟಿನ್ಯಾಗ ತಿಳೀತಿತ್ತು. ಹಳದಿ ಗುಳಿಗಿಯವರಿಗೆ ನಾ ತಿಂಗಳಾ ಬಿಳೀ ಕಣಾ ಎಣಸ್ತೀನಿ. ಇವಂದು ಎಣ್ಣಿ ಅಂತ ಎಣಿಸಿರಲಿಲ್ಲ." ಅವರು ಹಣೆ ಒರೆಸಿಕೊಂಡರು. "ಪುಣ್ಯಾಕ ಇವಂದು ಎಣ್ಣಿ ಐತಿ. ಎಣ್ಣಿಯಿಂದ ಕಾಲಿನ ಹೆಬ್ಬೆರಳು ಬಾತು ನೋವು ಬರ್ತಿತ್ತು, ಅದಕ್ಕ ಜ್ಯೇಷ್ಠದಾಗ ಒಂದು ಗುಳಿಗಿ ಸುರು ಮಾಡೀನಿ. ಆ ಬೆರಳಿನ ಗುಳಿಗೀನ ಹಳದಿ ಗುಳಿಗಿ ಜೋಡಿ ಕೊಡಂಗಽ ಇಲ್ಲ. ಎರಡೂ ಕೂಡಿದ್ರ ಒಂದು ಹಳದಿ ಗುಳಿಗಿ ನಾಕು ಗುಳಿಗಿ ಆಗತೈತಿ. ಮನಶ್ಯಾ ಉಳಿಯೂದಿಲ್ಲ."

ಅಷ್ಟು ಹೇಳಿ ಡಾಕ್ಟರು ಮತ್ತೆ ಒಳಗೆ ಹೋದರು.

ತಾರಾಬಾಯಿ ಬೆಂಚಿನ ಮೇಲೆ ಕುಳಿತೇ ಇದ್ದರು. ಬೆರಳು ಬಾತಿದ್ದ ವಿಷಯ ಬಸವಣ್ಣೆವ್ವ ಯಾವಾಗಲೋ ಹೇಳಿದ್ದಳು. ಅದಕ್ಕೆ ಏನು ನುಂಗಿಸುತ್ತೀ ಎಂದು ಇವರು ಕೇಳಿರಲಿಲ್ಲ. ತ್ರೈರಾಶಿಗೆ ಬೇಕಾದದ್ದು ಮೂರು ಅಂಕಿ, ಮೂರನ್ನೂ ಕೇಳಿ ಬರೆದುಕೊಂಡಿದ್ದರು. ನಾಲ್ಕನೆಯದೊಂದು ಇರಬಹುದೆಂದು ಗಣಿತದ ಅಕ್ಕೋರ ತಲೆಗೆ ಹೊಳೆದೇ ಇರಲಿಲ್ಲ.

ಈಗ ಎದ್ದು ಒಳಗೆ ಹೋಗಿ ಒಂದು ಮಾತು ಹೇಳಿದರೆ ಆಯಿತು. ಡಾಕ್ಟರು ದಿಕ್ಕು ಹುಡುಕುತ್ತ ಕೂರಬೇಕಾಗಿಲ್ಲ. ಎರಡೂ ಗುಳಿಗೆ ನಿಲ್ಲಿಸಿದರೆ ಸಂಗಪ್ಪ ಉಳಿಯಬಹುದು. ಆದರೆ ಹೇಳಿದರೆ ಎಣ್ಣೆ ವಾಪಸು ಹೋಗುತ್ತದೆ. ಮಾರ್ತಾಂಡನಿಗೆ ಮತ್ತೆ ಹಳದಿ ಗುಳಿಗೆ, ಮತ್ತೆ ಹುಣ್ಣು, ಮತ್ತೆ ಮುನಿಸು. ಒಂದು ಸಲ ಉಳಿಸಿಕೊಂಡಿದ್ದಾಗಿದೆ, ಇನ್ನೊಂದು ಸಲ ಕಿಡ್ನಿ ಹೋದರೆ ಕೊಡಲು ಅವರ ಹತ್ತಿರ ಮತ್ತೊಂದಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಅವರು ಎದ್ದರು. ಒಳಗೆ ಹೋಗಲಿಲ್ಲ. ಹೊರಗೆ ಬಂದು ಟಾಂಗಾ ಹತ್ತಿ ಮನೆಗೆ ಹೋದರು. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಅವರಿಗೇ ಒಪ್ಪಿಗೆಯಾಗಲಾರದು, ಅದಕ್ಕೇ ಹೇಳುತ್ತಿದ್ದೇನೆ.

ಮನೆಯಲ್ಲಿ ನೀರಿನ ಹರವಿಯ ಪಕ್ಕ, ತಂಪಿನ ಗೂಡಿನಲ್ಲಿ ಎಣ್ಣೆಯ ಬಾಟಲಿ ಇತ್ತು. ಎತ್ತಿ ಬೆಳಕಿಗೆ ಹಿಡಿದರು. ಇನ್ನು ಹನ್ನೊಂದು ದಿನದ್ದು. ಕ್ಲಾಸು ಮುಗಿಸಿ ಬಂದ ಮಾರ್ತಾಂಡ ತಾಯಿಯ ಮುಖ ನೋಡಿ ಬಾಗಿಲಲ್ಲೇ ನಿಂತ. ಅವರು ಎಲ್ಲ ಹೇಳಿದರು.

"ಅವ್ವಾ, ಮತ್ತ ಮೈ ಮುನಿಸಿಕೊಂಡ್ರ?" ಎಂದ.

ಟಾಂಗಾದಲ್ಲಿ ದಾರಿಯುದ್ದಕ್ಕೂ ತಾವೇ ಆಡಿಕೊಂಡ ಮಾತು ಅದು. ಮಗನ ಬಾಯಲ್ಲಿ ಕೇಳಿದ್ದೇ ಮೈ ಉರಿಯಿತು. "ಅಲ್ಲಿ ಒಬ್ಬಾಂವ ಸಾಯ್ಲಿಕ್ಹತ್ಯಾನ, ನಿನಗ ನಿಂದಽ ಚಿಂತಿ ಅದ!" ಎಂದು ಕೂಗಿದರು. ಕೂಗಿದ ಮೇಲೆ ಅಳು ಬಂತು. ಬೈದದ್ದು ಯಾರಿಗೆಂದು ಅವರಿಗೆ ಗೊತ್ತಿತ್ತು.

ಮಾರ್ತಾಂಡ ಕಳಚಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿದ. "ಬಾಟ್ಲಿ ಕೊಡು, ನಾ ಹಿಡೀತೀನಿ. ನಿನ್ನ ಕೈ ನನಗಿಂತಾ ಜೋರು ನಡಗ್ಲಿಕ್ಹತ್ಯಾವ," ಎಂದ.

ದವಾಖಾನೆಯಲ್ಲಿ ತಾರಾಬಾಯಿ ನಿಂತೇ ಹೇಳಿದರು. ಶ್ರಾವಣದಿಂದ ಅದಲುಬದಲು ಮಾಡಿದ್ದು, ತ್ರೈರಾಶಿ, ಬೆಳಿಗ್ಗೆ ಡಾಕ್ಟರ ಮಾತಿನಿಂದ ತಿಳಿದೂ ಮನೆಗೆ ಹೋದದ್ದು, ಎಲ್ಲವನ್ನೂ. ಡಾಕ್ಟರು ಒಳಗೆ ಓಡಿ ನರ್ಸಿಗೆ ಎರಡೂ ಗುಳಿಗೆ ನಿಲ್ಲಿಸಲು ಹೇಳಿ, ಸಂಗಪ್ಪನನ್ನು ಯಾರೂ ಹೋಗದ ಬೇರೆ ಕೋಣೆಗೆ ಹಾಕಿಸಿ, ಹುಬ್ಬಳ್ಳಿಯಿಂದ ಇಂಜೆಕ್ಷನ್ ತರಿಸಲು ಮನುಷ್ಯನನ್ನು ಕಳಿಸಿ ಬಂದರು. ಮಾರ್ತಾಂಡನ ಕೈಯಿಂದ ಬಾಟಲಿ ಇಸಿದುಕೊಂಡರು. ಸಿಟ್ಟು ಬಂದದ್ದು ಆಮೇಲೆ.

"ಎರಡು ತಿಂಗಳಾತ್ರಿ ನಾ ತಲಿ ಕೆರಕೊಳ್ಳಾಕತ್ತು! ಈ ಹುಡುಗನ ಅಂಕಿ ಯಾಕ ಏರತೈತಿ ಅಂತ ಮುಂಬೈಗೆ ಮೂರು ಪತ್ರಾ ಬರದೀನಿ. ಆ ಪತ್ರಾ ಬಡದಾವನೂ ಇವನಽ! ಆ ಎಣ್ಣಿ ಕಿಡ್ನಿ ಮ್ಯಾಲೆನಽ ಭಾರಾ ಹಾಕತೈತಿ, ಅದಕ್ಕಽ ಅದನ್ನ ಅಳದು ಅಳದು ಕೊಡೂದು. ನೀವು ಮಾರಿ ಮ್ಯಾಲಿನ ಕಳೆ ನೋಡಿಕೋತ ಕುಂತ್ರಿ. ಒಳಗ ನೀವು ಕೊಟ್ಟ ಕಿಡ್ನಿ ಸವೆಯಾಕತ್ತಿತ್ತು. ಲೆಕ್ಕಾ ಕಲಿಸಾವ್ರು ನೀವು, ಅಕ್ಕೋರ!"

ಬಾಗಿಲ ಹತ್ತಿರ ಬಸವಣ್ಣೆವ್ವ ನಿಂತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ತಾರಾಬಾಯಿ ಅವಳ ಕಡೆ ತಿರುಗಿ ಏನೋ ಹೇಳಹೋದರು. ಅವಳು ಕೈ ಎತ್ತಿ ತಡೆದಳು.

"ಬೆರಳಿನ ಗುಳಿಗಿ ಮಾತು ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ಅದಕ್ಕ ಇಬ್ಬರದೂ ತಪ್ಪೈತಿ," ಎಂದಳು. "ಆದ್ರ ಮುಂಜೇಲೆ ಡಾಕ್ಟರು ನಿಮ್ಮ ಮುಂದ ಹೇಳಿದ್ರಲ್ಲ, ಆವಾಗ ನಿಮಗ ತಿಳೀತು. ತಿಳದ ಮ್ಯಾಲೆ ಮನೀಗೆ ಹ್ವಾದ್ರಿ. ಅದು ಮಾತ್ರ ನಿಮ್ಮದೊಬ್ಬರದಽ. ನನ್ನ ತಮ್ಮ ಸತ್ರ ನಾ ನಿಮ್ಮ ಬಾಗಲಾ ತುಳಿಯೂದಿಲ್ಲ. ಉಳದ್ರೂ ತುಳಿಯೂದಿಲ್ಲ."

ಸಂಗಪ್ಪ ಉಳಿದ. ಕಣಗಳು ಮೊದಲು ಏಳುನೂರಕ್ಕೆ ಇಳಿದವು, ನಾಲ್ಕು ದಿನ ಅಲ್ಲೇ ನಿಂತವು, ಆಮೇಲೆ ಸಾವಿರದೈನೂರು, ಕೊನೆಗೆ ನಾಲ್ಕು ಸಾವಿರಕ್ಕೆ ಏರಿದವು. ಹದಿನೆಂಟು ದಿನದ ಮೇಲೆ ತನ್ನ ಎಣ್ಣೆಯ ಬಾಟಲಿ ತೊಡೆಯ ಮೇಲಿಟ್ಟುಕೊಂಡು, ಹನ್ನೆರಡು ಕಿಲೋ ಇಳಿದು, ಲಕ್ಷ್ಮೇಶ್ವರದ ಬಸ್ಸು ಹತ್ತಿದ. ಬಸವಣ್ಣೆವ್ವ ತನ್ನ ಮಾತು ಉಳಿಸಿಕೊಂಡಳು. ಸೋಮವಾರ ದವಾಖಾನೆಯಲ್ಲಿ ಸಿಕ್ಕರೂ ಬೆಂಚಿನ ಆ ತುದಿಗೆ ಕುಳಿತು ಗೋಡೆ ನೋಡುತ್ತಿದ್ದಳು.

ಹಳದಿ ಗುಳಿಗೆಗೆ ತಿರುಗಿದ ಮೇಲೆ ಮಾರ್ತಾಂಡನ ಅಂಕಿ ಒಂದು ಪಾಯಿಂಟ್ ಐದಕ್ಕೆ ಇಳಿಯಿತು. ಹುಣ್ಣು ವಾಪಸು ಬಂದವು. ಹಾಗಾದರೆ ಗುಳಿಗೆಯೇ ಒಳ್ಳೆಯದೇ? ಎಂದು ತಾರಾಬಾಯಿ ಕೇಳಿದರೆ ಡಾಕ್ಟರು ತಲೆ ಅಲ್ಲಾಡಿಸಿದರು. ಹಾಗಾದರೆ ಎಣ್ಣೆಯೇ? ಅದಕ್ಕೂ ತಲೆ ಅಲ್ಲಾಡಿಸಿದರು. ಇಬ್ಬರು ಮನುಷ್ಯರಿಂದ ಅದು ತಿಳಿಯುವುದಿಲ್ಲ, ನಲವತ್ತು ಜನ ಕೊಟ್ಟದ್ದನ್ನೇ ಕುಡಿದು, ಆದದ್ದನ್ನೇ ಹೇಳಿದರೆ ಏನಾದರೂ ತಿಳಿದೀತು ಎಂದರು. ತಾರಾಬಾಯಿಯವರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅವರು ಕೇಳಿದ್ದು ಒಂದೇ ಪ್ರಶ್ನೆ. ಮುಂಬಯಿಯಿಂದ ಬೆಟಗೇರಿಯವರೆಗೆ ಅದಕ್ಕೆ ಒಬ್ಬರೂ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ.

ಡಾಕ್ಟರು ಎಲ್ಲ ಬರೆದು ಕಳಿಸಿದ್ದಕ್ಕೆ ಕಾರ್ತೀಕದಲ್ಲಿ ಮುಂಬಯಿಯ ಉತ್ತರ ಬಂತು. ಔಷಧ ಇಬ್ಬರಿಗೂ ಮೊದಲಿನಂತೆ ಕಳಿಸುತ್ತಾರೆ. ಆದರೆ ಯಾವ ಔಷಧ ಮೇಲು ಎಂಬ ತುಲನೆಯಲ್ಲಿ ಇಬ್ಬರನ್ನೂ ಹಿಡಿಯುವುದಿಲ್ಲ. ಒಪ್ಪಿಗೆಯ ಮಾರುತ್ತರವನ್ನು ಮಾರ್ತಾಂಡನೇ ಟೈಪು ಮಾಡಿದ. ನಡುಕ ನಿಂತಿತ್ತು. ಮೂರು ತಿಂಗಳಲ್ಲಿ ಒಂದು ಅಕ್ಷರವೂ ತಪ್ಪದೆ ಬಿದ್ದ ಮೊದಲ ಪತ್ರ ಅದು.

ತಾರಾಬಾಯಿ ಕಾರ್ಬನ್ ಪ್ರತಿ ಓದಿ, ಒಳಗಿನಿಂದ ನೋಟುಪುಸ್ತಕ ತಂದರು. "ಇದನ್ನೂ ಕಳಿಸು. ಯಾವ ದಿನಾ ಬದಲು ಮಾಡಿದ್ವಿ, ಏನಾತು, ಎಲ್ಲಾ ಅದ ಇದರಾಗ."

"ಡಾಕ್ಟರನ್ನ ಕೇಳೀನಿ ಅವ್ವಾ. ಎರಡೂ ಕಲಸಿ ಹೋದ ಮ್ಯಾಲೆ ಯಾವದರ ಗುಣಾ, ಯಾವದರ ದೋಷಾ ಅಂತ ತಗೀಲಿಕ್ಕೆ ಬರೂದಿಲ್ಲಂತ."

"ಹಂಗಾರ ನಾವು ಎಲ್ಲಿದ್ದಂಗಾತು?"

"ಎಲ್ಲೂ ಇಲ್ಲ."

ಮಾರ್ಗಶಿರದ ಸೋಮವಾರ ದವಾಖಾನೆಯ ಬೆಂಚಿನ ಮೇಲೆ ಒಬ್ಬ ಹೊಸ ಹೆಂಗಸು ಕುಳಿತಿದ್ದಳು. ಮುಂಡರಗಿಯ ದಿಲಶಾದ‌ಬಿ. ಅವಳ ಅಣ್ಣ ಮಕ್ತುಮಸಾಬನಿಗೆ ಕಿಡ್ನಿ ಕೊಡಲು ಮುಂದಿನ ವಾರ ಮುಂಬಯಿಗೆ ಹೊರಟವಳು. ತಾರಾಬಾಯಿ ಹೋಗಿ ಬಂದವರೆಂದು ಕಂಪೌಂಡರು ಹೇಳಿದ್ದಕ್ಕೆ ಅವಳು ಹತ್ತಿರ ಸರಿದು ಕೂತಳು. ಬೆಂಚಿನ ಆ ತುದಿಯಲ್ಲಿ ಬಸವಣ್ಣೆವ್ವ ಎಂದಿನಂತೆ ಗೋಡೆ ನೋಡುತ್ತಿದ್ದಳು.

"ಅಲ್ಲಿ ಎರಡು ನಮೂನಿ ಔಷಧ ಐತಂತಲ್ರಿ ಅಕ್ಕೋರ. ಗುಳಿಗಿ ಒಂದು, ಎಣ್ಣಿ ಒಂದು. ನೀವು ಎರಡೂ ನೋಡೀರಂತ. ಖರೆ ಹೇಳ್ರಿ, ಯಾವ್ದು ಚಲೋ?"

"ಗೊತ್ತಿಲ್ಲವ್ವಾ," ಎಂದರು ತಾರಾಬಾಯಿ.

ದಿಲಶಾದ‌ಬಿಯ ಮುಖ ಬಿಗಿಯಾಯಿತು. ಗೊತ್ತಿದ್ದೂ ಹೇಳುತ್ತಿಲ್ಲ, ಓದಿದವರೆಲ್ಲ ಹೀಗೇ ಎಂಬ ಸಿಟ್ಟು ಅವಳ ಕಣ್ಣಿನಲ್ಲಿ ಕಂಡಿತು. ಆ ಸಿಟ್ಟಿನ ಗುರುತು ತಾರಾಬಾಯಿಯವರಿಗೆ ಚೆನ್ನಾಗಿತ್ತು. ಹನ್ನೊಂದು ತಿಂಗಳಿನಿಂದ ಅದನ್ನು ಅವರೇ ಹೊತ್ತು ತಿರುಗಿದ್ದರು.

"ಖರೇನಽ ಗೊತ್ತಿಲ್ಲ. ಗೊತ್ತಾಗೂದಿತ್ತು, ನಾನಽ ಕೆಡಿಸಿದೆ," ಎಂದರು. "ಅಲ್ಲಿ ಒಂದು ಲಕೋಟಿ ಒಡೀತಾರ. ಹಲ್ಲಿಲೆ ಒಡದ್ರೂ ಒಡೀಲಿ. ಏನ್ ಬರ್ತದೋ ಅದನ್ನಽ ಕೊಡು ನಿಮ್ಮಣ್ಣಗ. ಬ್ಯಾರೆ ಏನರೆ ಗುಳಿಗಿ ನುಂಗ್ತಿದ್ರ ಅದನ್ನೂ ಹೇಳು, ಯಾರೂ ಕೇಳದಿದ್ರೂ ಹೇಳು. ಮನೀಗೆ ಬಂದು ಇನ್ನೊಂದು ಚೀಟಿ ಎತ್ತಬ್ಯಾಡ."

"ಹಂಗ ಮಾಡಿದ್ರ ನಮ್ಮಣ್ಣ ಉಳೀತಾನೇನ್ರಿ?"

ತಾರಾಬಾಯಿಯವರಿಗೆ ಅದೂ ಗೊತ್ತಿರಲಿಲ್ಲ. ಬೆಂಚಿನ ಆ ತುದಿಯಲ್ಲಿ ಬಸವಣ್ಣೆವ್ವ ಗೋಡೆಯಿಂದ ಕಣ್ಣು ತೆಗೆದು ಮೊದಲ ಸಲ ಈ ಕಡೆ ತಿರುಗಿದಳು. ಇವರು ಏನು ಹೇಳುತ್ತಾರೆಂದು ಅವಳೂ ಕಾಯುತ್ತಿದ್ದಳು.

"ಅದನ್ನ ಹೇಳ್ಲಿಕ್ಕೆ ಬರೂದಿಲ್ಲವ್ವಾ," ಎಂದರು ತಾರಾಬಾಯಿ. "ಆದ್ರ ನಿನ್ನ ಹಿಂದ ಬಂದಾಕಿ ಇದಽ ಬೆಂಚಿನ ಮ್ಯಾಲೆ ಕೂತು ಯಾವ್ದು ಚಲೋ ಅಂತ ಕೇಳಿದ್ರ, ಆಕಿಗರೆ ಯಾರಾದ್ರೂ ಉತ್ತರಾ ಕೊಡ್ಲಿ."